ಜರಡಿಯಿಂದ ಟ್ರೆಂಚಿಗೆ: ಉತ್ಖನನದಲ್ಲಿ ನನ್ನ ಅನುಭವ

ಶುಲ್ಕ ಕಟ್ಟಿ ಕಲಿಯುವ ಪುರಾತತ್ವ ಉತ್ಖನನಕ್ಕೆ ಹೊಸದಾಗಿ ಸೇರಿದವರು ಮೊದಲ ವಾರ ಟ್ರೆಂಚಿಗೆ, ಅಂದರೆ ಅಗೆಯುವ ಗುಂಡಿಗೆ, ಇಳಿಯಬಾರದು. ಮಣ್ಣು ಜರಡಿ ಹಿಡಿಯುವ ಮತ್ತು ಮಡಕೆ ಚೂರು ತೊಳೆಯುವ ಕೆಲಸವನ್ನೇ ಕೇಳಿ ಪಡೆಯಬೇಕು. ನಾನು ಹಾಗೆ ಕೇಳಿದಾಗ ಜೊತೆಗಿದ್ದವರು, 'ದುಡ್ಡು ಕಟ್ಟಿ ಬಂದು ಮಡಕೆ ಚೂರು ತೊಳೀತೀರಾ?' ಅಂದರು. ಎರಡನೇ ವಾರ ಮುಗಿಯುವ ಹೊತ್ತಿಗೆ ನಮ್ಮ ತಂಡದಲ್ಲಿ ಕಂಬದ ಗುಳಿಯೊಂದನ್ನು (ಹಿಂದೆ ಕಂಬ ನೆಡಲು ತೋಡಿದ್ದ ಕುಳಿ) ಪೂರ್ತಿ ವಹಿಸಿದ್ದು ನನಗೊಬ್ಬಳಿಗೇ.

ಅದಕ್ಕೂ ಮೊದಲು ಬೇರೊಂದು ಕಡೆ ದುಡ್ಡು ಸುಮ್ನೆ ಹೋಗಿತ್ತು. ಶುಲ್ಕ ಜಾಸ್ತಿ, ತರಬೇತಿ ಇಲ್ಲ. ದಿನವಿಡೀ ಮಣ್ಣು ಹೊರಿಸಿದರು. ಯಾವ ಪದರದಲ್ಲಿದ್ದೇವೆ ಎಂದು ಹೇಳುವವರೇ ಇರಲಿಲ್ಲ. ಒಟ್ಟು ಖರ್ಚಿನಲ್ಲಿ ಹೆಚ್ಚುಕಮ್ಮಿ ಅರ್ಧ ಶುಲ್ಕಕ್ಕೇ ಹೋಯಿತು. ಉಳಿದದ್ದು ಪ್ರಯಾಣ, ವಸತಿ, ವಿಮೆ. ಈಗ ದುಡ್ಡು ಕಟ್ಟುವ ಮೊದಲೇ ಮೂರು ಪ್ರಶ್ನೆ ಬರೆದು ಕಳಿಸುತ್ತೇನೆ. ಒಬ್ಬ ಮೇಲ್ವಿಚಾರಕರಿಗೆ ಎಷ್ಟು ಜನ? ಕಾಂಟೆಕ್ಸ್ಟ್ ಶೀಟನ್ನು (ಒಂದೊಂದು ಪದರ, ಗುಳಿಯ ವಿವರ ಬರೆಯುವ ಹಾಳೆ) ಹೊಸಬರ ಕೈಲಿ ತುಂಬಿಸುತ್ತೀರಾ? ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ.

ಟ್ರೆಂಚಿನಲ್ಲಿ ಕೂತರೆ ಒಂದು ಮೂಲೆಯ ಮಣ್ಣು ಮಾತ್ರ ಕಾಣುತ್ತದೆ. ಜರಡಿಗೆ ಎಲ್ಲ ಮೂಲೆಯದೂ ಬರುತ್ತದೆ. ನಮ್ಮದು 5 ಮಿ.ಮೀ. ಕಣ್ಣಿನ ಜರಡಿ. ನೂರಾರು ಚೂರು ಮುಟ್ಟಿದ ಮೇಲೆ ಕಲ್ಲು ಯಾವುದು, ಮಡಕೆ ಯಾವುದು, ಮೂಳೆ ಯಾವುದು ಎಂದು ಬೆರಳಿಗೇ ಗೊತ್ತಾಗುತ್ತದೆ. ತೊಳೆಯುವಾಗ ಮುರಿದ ಅಂಚಿಗೆ ಜಾಸ್ತಿ ಗಮನ ಕೊಡಿ. ಅಲ್ಲಿ ಮಣ್ಣು ಉಳಿದರೆ ಚೂರುಗಳು ಒಂದಕ್ಕೊಂದು ಕೂರುವುದಿಲ್ಲ. ಆದರೆ ಬಣ್ಣ ಬಳಿದ ಮೈಯನ್ನು ಉಜ್ಜಬೇಡಿ. ಸರಿಯಾಗಿ ಬೇಯದ ಚೂರು ನೀರಲ್ಲೇ ಪುಡಿಯಾಗುತ್ತದೆ, ಅದಕ್ಕೆ ಒಣ ಬ್ರಷ್ ಸಾಕು. ಲೋಹಕ್ಕೆ ನೀರು ಬೇಡವೇ ಬೇಡ.

ನಡುವೆ ಒಪ್ಪಿಗೆ ಪಡೆದು ಒಂದು ಬಕೆಟ್ ಪ್ರಯೋಗ ಮಾಡಿದೆ. ಒಲೆ ಇದ್ದ ಜಾಗದ ಒಂದಿಷ್ಟು ಮಣ್ಣನ್ನು ಹತ್ತು ಲೀಟರಿನಷ್ಟು ನೀರಲ್ಲಿ ಕಲಕಿ, ತೇಲಿದ್ದನ್ನು ತೆಳು ಬಟ್ಟೆಗೆ ಬಸಿದೆ. ಮೊದಮೊದಲು ಬರೀ ಬೇರಿನ ಎಳೆ, ಹೆಂಟೆಯೂ ಒಡೆಯಲಿಲ್ಲ. ಮಣ್ಣನ್ನು ನೆರಳಲ್ಲಿ ಒಣಗಿಸಿ ಹಾಕಿದ ಮೇಲೆ ಇದ್ದಿಲ ಚೂರು ಬಂತು, ಜೊತೆಗೆ ಸುಟ್ಟ ಕಾಳು. ಎಂಥ ಖುಷಿ ಗೊತ್ತಾ! ಕಾರ್ಬನ್ ಕಾಲಮಾಪನಕ್ಕೆ ಹೋಗುವ ಇದ್ದಿಲಿನ ದಾರಿಯೇ ಬೇರೆ. ಅದನ್ನು ಬರಿಗೈಲಿ ಮುಟ್ಟದೆ ಫಾಯಿಲಿನಲ್ಲಿ ಸುತ್ತುತ್ತಾರೆ.

ಇನ್ನು ಆ ಕಂಬದ ಗುಳಿ. ಬಿಸಿಲೇರಿದರೆ ನೆಲವೆಲ್ಲ ಒಂದೇ ಬಣ್ಣ, ಅಲ್ವಾ? ಅದಕ್ಕೇ ಬೆಳಕು ಓರೆಯಾಗಿದ್ದಾಗಲೇ 4 ಇಂಚಿನ ಕರಣೆಯಿಂದ ನೆಲ ಹೆರೆದು, ನೀರು ಸಿಂಪಡಿಸಿ ಕಾದೆ. ಎಷ್ಟು ಹೊತ್ತು, ಎಷ್ಟು ದೂರದಿಂದ ಅನ್ನುವುದು ನನ್ನಲ್ಲೇ ಇರಲಿ. ಸುತ್ತಲಿನ ಗಟ್ಟಿ ನೆಲ ಬೇಗ ಒಣಗಿತು, ಗುಳಿಯ ಸಡಿಲ ಮಣ್ಣು ತೇವ ಹಿಡಿದಿತ್ತು. ಸುಮಾರು 30 ಸೆಂ.ಮೀ. ಅಗಲದ ಕಪ್ಪು ಸುತ್ತು ಎದ್ದು ಕಂಡಿತು. ಅಲ್ಲೇನೂ ಇಲ್ಲ ಅಂದಿದ್ದವರು ಬಂದು ನೋಡಿದರು. ಅರ್ಧ ಅಗೆದು, ಸೀಳಿದಲ್ಲಿ ಕಂಡ ಮಣ್ಣಿನ ಗೋಡೆಯ ಚಿತ್ರ ಬರೆದು, ಆಮೇಲೆ ಉಳಿದರ್ಧ ತೆಗೆದೆ. ನಡುವೆ ಕಂಬ ಕೊಳೆತ ಗಾಢ ಮಣ್ಣು, ಸುತ್ತ ಬಿಗಿಗೆ ಇಟ್ಟ ಕಲ್ಲು. ಪುರಾತತ್ವಜ್ಞ ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದ ಮ್ಯಾಟ್ರಿಕ್ಸಿನಲ್ಲಿ (ಯಾವುದು ಮೊದಲು, ಯಾವುದು ಆಮೇಲೆ ಎಂದು ತೋರಿಸುವ ನಕ್ಷೆ) ಅದಕ್ಕೆ ಮೂರು ಸಂಖ್ಯೆ ಬಿತ್ತು: ತೋಡಿದ್ದು, ಬಿಗಿಸಿದ್ದು, ಕೊಳೆತದ್ದು. ಮೂರೂ ಶೀಟು ತುಂಬಿದ್ದು ನಾನೇ.

ಅಂದಹಾಗೆ, ಕರಣೆ ಕೊಳ್ಳುವಾಗ ದುಡ್ಡಿನ ಮುಖ ನೋಡಬೇಡಿ. ಅಲಗು ಮತ್ತು ಕತ್ತು ಒಂದೇ ತುಂಡಿನದಾಗಿರಲಿ. ರಿವೆಟ್ ಹೊಡೆದದ್ದು ನನ್ನ ಕೈಲಿ ಒಂದು ವಾರವೂ ಬಾಳಲಿಲ್ಲ.