ಒಳ್ಳೆಯ ಗಿರಾಕಿ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಅಕ್ವೇರಿಯಂ ಅಂಗಡಿ ಇದೆ. ಹೊಸದರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನನ್ನ ಕಾಯಂ ಗಿರಾಕಿಯಾಗಿದ್ದರು. ಮೊಮ್ಮಗಳಿಗೆ ಅಂತ ಒಂದು ಗಾಜಿನ ಬೌಲು, ಎರಡು ಗೋಲ್ಡ್ ಫಿಶ್ ಒಯ್ದಿದ್ದರು. ಆಮೇಲೆ ಹದಿನೈದು ದಿನಕ್ಕೊಮ್ಮೆ ಹಾಜರು. "ಹೋಗ್ಬಿಟ್ವು ಕಣಪ್ಪಾ, ಇನ್ನೆರಡು ಕೊಡು." ನಾನು ಬಲೆಯಲ್ಲಿ ಎತ್ತಿ ಕವರಿಗೆ ಹಾಕಿ ಕೊಡುತ್ತಿದ್ದೆ. ಒಂದು ರಾತ್ರಿ ಲೆಕ್ಕದ ಪುಸ್ತಕ ತಿರುವುವಾಗ ಎಣಿಸಿದೆ. ಆರು ತಿಂಗಳಲ್ಲಿ 24 ಮೀನು, ಒಂದೇ ಬೌಲಿಗೆ.

ಯಾಕೆ ಸಾಯುತ್ತಿವೆ ಅಂತ ಅವರು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಗೊತ್ತಿರಲಿಲ್ಲ ಅಂತೇನಲ್ಲ. ಬೌಲಿನಲ್ಲಿ ಗೋಲ್ಡ್ ಫಿಶ್ ಉಳಿಯುವುದಿಲ್ಲ ಅಂತ ಈ ವ್ಯಾಪಾರದಲ್ಲಿ ಇರುವವರಿಗೆಲ್ಲ ಗೊತ್ತು. ಸರಿಯಾಗಿ ಸಾಕಿದರೆ ಅದು ಹತ್ತು ವರ್ಷಕ್ಕೂ ಜಾಸ್ತಿ ಬದುಕುವ ಮೀನು. ಆದರೆ ಬದುಕಿರುವ ಮೀನಿನಿಂದ ನಮಗೆ ಸಿಗುವುದು ಯಾವಾಗಲೋ ಒಂದು ಕಾಳಿನ ಡಬ್ಬಿಯ ವ್ಯಾಪಾರ. ಸತ್ತರೆ ಇನ್ನೊಂದು ಮೀನಿನ ವ್ಯಾಪಾರ. ಮೇಷ್ಟ್ರನ್ನು ನಾನು ಒಳ್ಳೆಯ ಗಿರಾಕಿ ಅನ್ನುತ್ತಿದ್ದುದು ಅದಕ್ಕೇ ಅಲ್ವಾ?

ಇಂಥ ಬೌಲುಗಳಲ್ಲಿ ಆಗುವುದು ಇಷ್ಟು. ಮೀನಿನ ಕಿವಿರಿನಿಂದ, ಹೊಲಸಿನಿಂದ, ತಿಂದು ಬಿಟ್ಟ ಕಾಳಿನಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಹಳೆಯ ತೊಟ್ಟಿಯಾದರೆ ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಬ್ಯಾಕ್ಟೀರಿಯಾ ಕೂತಿರುತ್ತವೆ. ಅವು ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದು ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ನಡೆಯುತ್ತದೆ. ಈ ಬ್ಯಾಕ್ಟೀರಿಯಾ ನೆಲೆಯಾಗಲು 4ರಿಂದ 6 ವಾರ ಬೇಕು. ಬೌಲಿನಲ್ಲಿ ಫಿಲ್ಟರೇ ಇಲ್ಲ. ನೀರೇನೋ ತಿಳಿಯಾಗಿ ಕಾಣುತ್ತದೆ. ಮೀನು ಮಾತ್ರ ಮೇಲೆ ಬಂದು ಬಾಯಿ ಬಡಿಯುತ್ತದೆ. ಪಾಪ ಹಸಿವು ಅಂತ ಮನೆಯವರು ಇನ್ನೊಂದು ಚಿಟಿಕೆ ಕಾಳು ಹಾಕುತ್ತಾರೆ. ವಾಸನೆ ಬಂದರೆ ಬೌಲನ್ನು ಪೂರ್ತಿ ತೊಳೆದು, ಕ್ಲೋರಿನ್ ಇರುವ ನಲ್ಲಿ ನೀರನ್ನು ಹಾಗೇ ತುಂಬುತ್ತಾರೆ. ಅಲ್ಲಿಗೆ ಮುಗಿಯಿತು.

ಮುಂದಿನ ಸಲ ಮೇಷ್ಟ್ರು ಬಂದಾಗ ಮೀನು ಕೊಡಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಅವರಿಗೆ ಸಿಟ್ಟು ಬಂತು. "ಇದನ್ನ ಮೊದಲನೇ ದಿನ ಹೇಳೋಕೆ ನಿಂಗೇನಾಗಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. 2 ಅಡಿಯ ತೊಟ್ಟಿಯನ್ನು ಅಸಲು ಬೆಲೆಗೇ ಕೊಟ್ಟೆ. ಅವರ ಮನೆಯದು ಗಡಸಾದ ಬೋರ್‌ವೆಲ್ ನೀರು. ಅದಕ್ಕೆ ಗಪ್ಪಿ ಅನ್ನುವ ಪುಟ್ಟ ಮೀನು ಚೆನ್ನಾಗಿ ಹೊಂದುತ್ತದೆ. ಅಂಗಡಿಯಲ್ಲಿ ಓಡುತ್ತಿದ್ದ ಫಿಲ್ಟರಿನ ಹಳೇ ಸ್ಪಂಜನ್ನೇ ತೆಗೆದು ಅವರ ಫಿಲ್ಟರಿಗೆ ಹಾಕಿದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆದರೂ ಒಂದೇ ಸಲ ತುಂಬಿಸಲಿಲ್ಲ. ಮೊದಲು ನಾಲ್ಕೇ ಗಪ್ಪಿ, ಎಲ್ಲ ಗಂಡು. ಹೆಣ್ಣು ಸೇರಿದರೆ ಎರಡು ತಿಂಗಳಿಗೆ ಮರಿಗಳನ್ನು ಹಂಚೋಕೆ ಮನೆ ಮನೆ ತಿರುಗಬೇಕು!

ಅಂದಿನಿಂದ ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರುವುದಿಲ್ಲ. ತೊಟ್ಟಿ ಎಷ್ಟು ಅಡಿ, ನೀರು ಯಾವತ್ತು ತುಂಬಿದ್ದು, ಒಳಗೆ ಈಗ ಏನೇನಿದೆ ಅಂತ ಕೇಳುತ್ತೇನೆ. "ದುಡ್ಡು ಕೊಟ್ಟು ತಗೊಳ್ಳೋಕೂ ಪರೀಕ್ಷೆ ಬರೀಬೇಕೇನ್ರೀ?" ಅಂತ ಎದುರಿನ ಅಂಗಡಿಗೆ ಹೋದವರು ಬಹಳ. ಮೊದಲ ವರ್ಷ ಬಾಡಿಗೆ ಕಟ್ಟುವುದೇ ಕಷ್ಟವಾಯಿತು. ಬೌಲುಗಳಲ್ಲಿ ಈಗ ಮನಿ ಪ್ಲಾಂಟ್ ಇಟ್ಟು ಮಾರುತ್ತೇನೆ.

2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ಅಂತಲೇ ನಿಯಮ ತಂದಿತ್ತು. ಬೌಲಿನಲ್ಲಿ ಮೀನು ಇಡಬಾರದು ಅಂತಲೂ ಅದರಲ್ಲಿತ್ತು. ವ್ಯಾಪಾರದವರು ವಿರೋಧ ಮಾಡಿದರು, ನಿಯಮ ವಾಪಸ್ ಹೋಯಿತು. ಆಗ ಬೈದವರಲ್ಲಿ ನಾನೂ ಒಬ್ಬ. ಕೆಲವು ಕಲಮುಗಳು ನಿಜಕ್ಕೂ ಅತಿಯಾಗಿದ್ದವು ಅಂತ ಈಗಲೂ ಅನ್ನುತ್ತೇನೆ. ಬೌಲಿನ ಮಾತು ಮಾತ್ರ ಸರಿಯಾಗಿತ್ತು.

ನನ್ನಿಂದ ಆದ ಇನ್ನೊಂದು ತಪ್ಪು ಶಾರ್ಕ್. ಎರಡಿಂಚಿನ ಮರಿ ನೋಡೋಕೆ ಬಲು ಚೆಂದ. ಮಕ್ಕಳು ಹೆಸರು ಕೇಳಿಯೇ ಹಟ ಹಿಡಿಯುತ್ತಾರೆ. ಅದು ಶಾರ್ಕೂ ಅಲ್ಲ, ಪುಟಾಣಿಯೂ ಅಲ್ಲ. ಪಂಗಾಸಿಯಸ್ ಅಂತ, ಮೀಟರ್ ಉದ್ದ ಬೆಳೆಯುವ ಮೀನು. ಹೋಟೆಲಿನಲ್ಲಿ ಬಾಸಾ ಅಂತ ತಿನ್ನುತ್ತೇವಲ್ಲ, ಬಹುಪಾಲು ಅದೇ. ಪಾಚಿ ತಿನ್ನುತ್ತದೆ ಅಂತ ಕೊಡುವ ಸಕ್ಕರ್ ಕೂಡ ಒಂದಡಿ ದಾಟುತ್ತದೆ. ತೊಟ್ಟಿಯಲ್ಲಿ ಹಿಡಿಸದಾದಾಗ ಜನ ರಾತ್ರೋರಾತ್ರಿ ಕೆರೆಗೆ ಬಿಡುತ್ತಾರೆ. ಪುಣ್ಯದ ಕೆಲಸ ಅಂದುಕೊಂಡು ಬೇರೆ! ಕೆರೆಯಲ್ಲಿ ಸಕ್ಕರ್ ಉಳಿಯುತ್ತದೆ, ಬೆಳೆಯುತ್ತದೆ, ಮುಳ್ಳಿನ ರೆಕ್ಕೆಯಿಂದ ಮೀನುಗಾರರ ಬಲೆ ಹರಿಯುತ್ತದೆ.

ಅದಕ್ಕೇ ಅಂಗಡಿಯ ಹಿಂದೆ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿದೆ. ಕೆರೆಗೆ ಬಿಡಬೇಡಿ, ಇಲ್ಲಿಗೆ ತನ್ನಿ ಅಂತ ಬೋರ್ಡ್ ಹಾಕಿದೆ. ಈಗ ಅದರಲ್ಲಿ ಮೂರು ಶಾರ್ಕ್, ಐದು ಸಕ್ಕರ್ ಇವೆ. ಒಂದು ಶಾರ್ಕ್ ನಾನೇ ಮಾರಿದ್ದು, ತಂದವರು ಹಳೇ ಚೀಟಿ ತೋರಿಸಿದರು. ಮಾರುವ ಹಾಗಿಲ್ಲ, ಬಿಡುವ ಹಾಗಿಲ್ಲ. ಸಂಜೆ ಹೊತ್ತು ಕಾಳು ಹಾಕುತ್ತಾ ನಿಲ್ಲುತ್ತೇನೆ. ಹೋದ ವಾರ ಒಬ್ಬರು ಫೋನ್ ಮಾಡಿ, ನಮ್ಮಲ್ಲೂ ಒಂದಿದೆ, ತರಲಾ ಅಂದರು. ತನ್ನಿ ಸಾರ್, ಬಕೆಟ್ ಮಾತ್ರ ದೊಡ್ಡದೇ ತನ್ನಿ ಅಂದೆ.