ಕಡಲಿಲ್ಲದ ವಿಜಯಪುರದಲ್ಲಿ ಕಡಲ ಸಿಗಡಿ ಸಾಕುವುದು: ನನ್ನ ಅನುಭವ

ಉಪ್ಪುನೀರಿನ ಹೊಸ ಟ್ಯಾಂಕಿನಲ್ಲಿ ಮೀನು ತಡೆದುಕೊಂಡದ್ದನ್ನು ಸಿಗಡಿ, ಬಸವನಹುಳು, ಖಾಲಿ ಚಿಪ್ಪಿನಲ್ಲಿ ಮನೆ ಮಾಡುವ ಹರ್ಮಿಟ್ ಏಡಿ ತಡೆದುಕೊಳ್ಳುವುದಿಲ್ಲ. ಮೀನು ಮೈಯೊಳಗಿನ ಉಪ್ಪನ್ನು ತಾನೇ ಹದದಲ್ಲಿ ಇಟ್ಟುಕೊಳ್ಳುತ್ತದೆ. ಬೆನ್ನೆಲುಬಿಲ್ಲದ ಕಡಲ ಜೀವಿಗಳಲ್ಲಿ ಬಹುಪಾಲಿಗೆ ಆ ಶಕ್ತಿ ಕಡಿಮೆ. ಹೊರಗೆ ಉಪ್ಪು ಏರಿದರೆ ಒಳಗೂ ಏರುತ್ತದೆ. ಅದಕ್ಕೇ ಉಪ್ಪಿನ ಅಳತೆ ಕದಲದಂತೆ ನೋಡಿಕೊಳ್ಳುವುದೇ ನನ್ನ ಮೊದಲ ಕೆಲಸ. ಕೆಳಗಿನ ಲೆಕ್ಕವೆಲ್ಲ 100 ಲೀಟರ್ ನೀರಿನದು.

ನಮ್ಮ ಕಡೆಯ ಬೋರಿನ ನೀರು ಗಡಸು, ಆರ್‌ಓ ಇಲ್ಲದೆ ಆಗದು. ಅದರ ನಂತರಕ್ಕೆ ಉಳಿದ ಲವಣವನ್ನೂ ಹಿಡಿಯುವ ಡಿಐ ಕಾರ್ಟ್ರಿಜ್ ಕೂಡಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಿದ ಮೇಲೆಯೇ ನೀರು ಹಿಡಿಯುತ್ತೇನೆ. ಅಡುಗೆಮನೆಯ ಆರ್‌ಓ ಬಳಸುವವರು ಎರಡನ್ನು ನೋಡಿಕೊಳ್ಳಬೇಕು: ರುಚಿಗೆಂದು ಶುದ್ಧಮಾಡದ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್, ಮತ್ತು ಈಗ ಬರುವ ‘ಕಾಪರ್’ ಕಾರ್ಟ್ರಿಜ್. ತಾಮ್ರ ಸಿಗಡಿಗೂ ಬಸವನಹುಳುವಿಗೂ ವಿಷ. ಮೆಂಬ್ರೇನಿನಿಂದ ಬರುವ ಪೈಪಿಗೆ ಈ ಎರಡಕ್ಕೂ ಮೊದಲೇ ಒಂದು ಕವಲು (ಟೀ ಜೋಡಣೆ) ಹಾಕಿಸಿಕೊಳ್ಳಿ. ತಾಮ್ರದ ಹಂಡೆ, ಹಿತ್ತಾಳೆ ಕೊಡದಲ್ಲಿ ಈ ನೀರು ತುಂಬಿಡಲೇಬಾರದು.

ಅಕ್ವೇರಿಯಂ ಉಪ್ಪು ಸುಮಾರು 3.7 ಕೆ.ಜಿ. ಬೇಕಾಗುತ್ತದೆ. ಅಡುಗೆ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಸಾಲದು. ಪಂಪ್ ಹಾಕಿ ಒಂದು ದಿನ ಕಲಕಿದ ಮೇಲೆ 25 ಡಿಗ್ರಿಯಲ್ಲಿ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು) ಬರಬೇಕು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ಕೂರಿಸಿದರೆ ಸಾಲದು. 35 ಪಿಪಿಟಿಯ ದ್ರಾವಣ ಸಿಗುತ್ತದೆ, ಅದರಿಂದ ಹೊಂದಿಸಿ. ಟ್ಯಾಂಕಿಗೆ ಒಣ ಕಲ್ಲನ್ನೇ ಬಳಸಿ. ಕಡಲಿನಿಂದ ಹವಳ ತರುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ.

ಸೈಕಲ್‌ಗೆ (ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾವನ್ನು ಮೊದಲೇ ಬೆಳೆಸುವುದಕ್ಕೆ) 0.6 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಪಾಲು) ಆಸುಪಾಸಿಗೆ ಬರುತ್ತದೆ. ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು, ಆದರೆ ಅದು ಶುದ್ಧವಿರುವುದಿಲ್ಲ. ಲ್ಯಾಬ್ ದರ್ಜೆಯದೇ ಬೇಕು. ಹಾಕಿದ 24 ಗಂಟೆಯೊಳಗೆ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಯಾವ ಜೀವವನ್ನೂ ಬಿಡುವಂತಿಲ್ಲ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಮೃಗಶಿರ ಮಳೆಗೆ ಶುರು ಮಾಡಿದರೆ ಶ್ರಾವಣದ ತಂಪಿಗೆ ಜೀವಿಗಳನ್ನು ತರಿಸಬಹುದು. ಏಪ್ರಿಲ್, ಮೇ ತಿಂಗಳಲ್ಲಿ ತರಿಸಬೇಡಿ, ಚೀಲ ದಾರಿಯಲ್ಲೇ ಬಿಸಿಯಾಗುತ್ತದೆ.

ಇಲ್ಲಿನ ಒಣ ಗಾಳಿಗೆ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ ನಿಜ, ಆದರೆ ದಿನಕ್ಕೆ 3 ಲೀಟರ್ ಹೋಯಿತೆನ್ನಿ: ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ 35 ಇದ್ದದ್ದು 40ರ ಹತ್ತಿರ ಬಂದಿರುತ್ತದೆ. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಬೆಳಿಗ್ಗೆ ಸಂಜೆ ಗೆರೆಯವರೆಗೆ ಬರೀ ಆರ್‌ಓ ನೀರು ತುಂಬಿ. ತಾನಾಗಿ ತುಂಬುವ ಫ್ಲೋಟ್ ಇದ್ದರೆ ಇನ್ನೂ ಒಳ್ಳೆಯದು. ಕರೆಂಟ್ ಹೋದಾಗಿನ ಸಲುವಾಗಿ ಬ್ಯಾಟರಿ ಏರ್ ಪಂಪ್ ಇರಲೇಬೇಕು.

ಹೆಚ್ಚು ಜೀವ ಹೋಗುವುದು ಬಂದ ದಿನವೇ. ದೂರದಿಂದ ಬಂದ ಚೀಲದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಆಗ ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ಪಿಎಚ್ ಏರಿ ವಿಷ ಎದ್ದುಬಿಡುತ್ತದೆ. ಹಾಗಾಗಿ ಚೀಲದ ನೀರಿನಲ್ಲೇ ಇಟ್ಟು ಗಂಟೆಗಟ್ಟಲೆ ಡ್ರಿಪ್ ಹಾಕುವ (ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡುವ) ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಬಿಚ್ಚದ ಚೀಲವನ್ನು 20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಬಿಚ್ಚಿದ ಕೂಡಲೇ ಉಪ್ಪು ಅಳೆಯಿರಿ. 30 ಇದ್ದರೆ, ಒಂದು ಬೋಗುಣಿಯಲ್ಲಿ ಟ್ಯಾಂಕಿನ 860 ಮಿ.ಲೀ. ನೀರಿಗೆ ಅಷ್ಟೇ ಬೆಚ್ಚಗಿನ 140 ಮಿ.ಲೀ. ಆರ್‌ಓ ನೀರು ಬೆರೆಸಿದರೆ ಅದೂ 30 ಆಗುತ್ತದೆ. ಸಿಗಡಿಯನ್ನು ಬಲೆಯಿಂದಲ್ಲ, ಪುಟ್ಟ ಲೋಟದಿಂದ ಎತ್ತಿ ಇದಕ್ಕೆ ಬಿಡಿ. ಬಲೆಗೆ ಮೀಸೆ ಸಿಕ್ಕಿ ಮುರಿಯುತ್ತದೆ. ಇಲ್ಲಿಂದ ನಿಧಾನ ಮಾಡಿದಷ್ಟೂ ಒಳ್ಳೆಯದು.

ಡ್ರಿಪ್‌ಗೆ ಔಷಧಿ ಅಂಗಡಿಯ ಸಲಾಯಿನ್ ಸೆಟ್ಟೇ ಸಾಕು. ಚಕ್ರ ತಿರುಗಿಸಿದರೆ ಹನಿ ಎಣಿಸಬಹುದು. 20 ಹನಿಗೆ 1 ಮಿ.ಲೀ.; ಸೆಕೆಂಡಿಗೆ 2 ಹನಿ ಬಿಟ್ಟರೆ ಗಂಟೆಗೆ 360 ಮಿ.ಲೀ. ಒಂದು ಲೀಟರ್ ಎರಡಾದಾಗ ಉಪ್ಪು 32.5. ಪ್ರತಿ ಸಲ ಅರ್ಧ ಚೆಲ್ಲಿ, ಸೆಕೆಂಡಿಗೆ 4 ಹನಿಯಂತೆ ಮತ್ತೆ ಎರಡು ಸಲ ತುಂಬಿದರೆ 34.4. ಆಗ ಬಿಡಬಹುದು. ಬೋಗುಣಿಯ ನೀರು ಟ್ಯಾಂಕಿಗೆ ಹೋಗಬಾರದು.

ಗಾಜಿಗೆ ಕಂದು ಪಾಚಿ ಹತ್ತಿದ ಮೇಲೆ ಮೂರು ನಾಲ್ಕು ಬಸವನಹುಳು ಸಾಕು, ಹೆಚ್ಚಾದರೆ ಹಸಿವಿನಿಂದ ಸಾಯುತ್ತವೆ. ಮರಳಿನ ಮೇಲೆ ಎಸೆಯದೆ ಪಾದ ಕಲ್ಲಿಗೆ ತಾಗುವಂತೆ ಇಡಿ. ಟರ್ಬೊ ಜಾತಿಯ ಬಸವನಹುಳು ಮಗುಚಿಬಿದ್ದರೆ ಎಷ್ಟೋ ಸಲ ತಾನಾಗಿ ಏಳಲಾರದು. ಒಂದು ದಿನವಾದರೂ ಕದಲದಿದ್ದರೆ ಎತ್ತಿ ಮೂಸಿ ನೋಡಿ. ಸತ್ತಿದ್ದರೆ ಆ ನಾತ ತಪ್ಪುವುದಿಲ್ಲ, ಕೂಡಲೇ ತೆಗೆಯಿರಿ. ಹರ್ಮಿಟ್ ಏಡಿಗೆ ಒಂದೊಂದಕ್ಕೆ ಎರಡು ಖಾಲಿ ಚಿಪ್ಪು ಇಡಿ, ಇಲ್ಲವಾದರೆ ಬಸವನಹುಳುವನ್ನೇ ಕೊಂದು ಚಿಪ್ಪು ಕಿತ್ತುಕೊಳ್ಳುತ್ತದೆ. ನಕ್ಷತ್ರಮೀನು ಮೊದಲ ವರ್ಷ ಬೇಡ. ಸೊಳ್ಳೆಯ ಸ್ಪ್ರೇ, ದ್ರವದ ಮಿಷಿನ್ ಟ್ಯಾಂಕಿರುವ ಕೋಣೆಯಲ್ಲಿ ಬೇಡವೇ ಬೇಡ: ಏರ್ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ, ಅದರಲ್ಲಿನ ಪೈರೆಥ್ರಾಯ್ಡ್ ಕೀಟದಂತೆಯೇ ಸಿಗಡಿಯನ್ನೂ ಕೊಲ್ಲುತ್ತದೆ.

ಒಂದು ಬೆಳಿಗ್ಗೆ ಸಿಗಡಿ ಸತ್ತು ಬಿದ್ದಂತೆ ಕಂಡರೆ ಬೆಳಕು ಹಿಡಿದು ನೋಡಿ. ಮೀಸೆ, ಕಾಲು ಎಲ್ಲ ಇದ್ದೂ ಒಳಗೆ ಟೊಳ್ಳಾಗಿ, ಬೆನ್ನಿನ ಮೇಲೆ ಸೀಳಿದ್ದರೆ ಅದು ಕಳಚಿದ ಪೊರೆ. ಸಿಗಡಿ ಮೆತ್ತಗಿನ ಮೈಯಲ್ಲಿ ಎಲ್ಲೋ ಕಲ್ಲಿನ ಸಂದಿಯಲ್ಲಿರುತ್ತದೆ. ಎರಡು ದಿನ ಕಲ್ಲು ಅಲುಗಾಡಿಸಬೇಡಿ, ನೀರು ಬದಲಿಸಬೇಡಿ.