ಕೂಲಿ ಪಟ್ಟಿ ಬಿಟ್ಟು ಊಟದ ಲೆಕ್ಕ ಹಿಡಿದೆ

ನನ್ನ ಲೇಖನಕ್ಕೆ ಕೊನೆಗೂ ಒಪ್ಪಿಗೆ ಬಂತು. ಘಾನಾ ಇನ್ನೂ ಗೋಲ್ಡ್ ಕೋಸ್ಟ್ ಆಗಿದ್ದ ಕಾಲದ ಕೂಲಿಯ ಚರಿತ್ರೆ ಅದು. ಎರಡು ಪತ್ರಿಕೆಗಳು ಮೊದಲೇ ವಾಪಸ್ ಕಳಿಸಿದ್ದವು. ಕ್ರೈಸ್ತ ಮಿಷನ್ನಿನ ಹಳೇ ಕಾಗದಗಳಿಂದ ಕೂಲಿ ಲೆಕ್ಕ ತೆಗೆಯೋಕೆ ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ಆಗುತ್ತೆ. ನಾನು ಮಾಡಿದ್ದೇನೆ.

ಬ್ಲೂ ಬುಕ್ ಅಂದ್ರೆ ಬ್ರಿಟಿಷ್ ವಸಾಹತು ಸರ್ಕಾರ ವರ್ಷವರ್ಷ ಲಂಡನ್ನಿಗೆ ಕಳಿಸುತ್ತಿದ್ದ ಅಂಕಿಅಂಶಗಳ ಪುಸ್ತಕ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಮೂರು ವಾರ ಕೂತು ನಾಲ್ಕು ಸಾವಿರದಷ್ಟು ಫೋಟೋ ತೆಗೆದೆ. ಫೋಟೋಗೆ ದುಡ್ಡಿಲ್ಲ, ರೂಮಿಗೆ ಉಂಟಲ್ಲ! ವಿಮಾನ, ರೂಮು, ಊಟ ಎಲ್ಲ ಸೇರಿ ಎರಡೂವರೆ ಲಕ್ಷ ರೂಪಾಯಿ ದಾಟಿತು. ಅರ್ಧ ಫೆಲೋಶಿಪ್ ದುಡ್ಡು, ಅರ್ಧ ಅಕ್ಕನ ಹತ್ತಿರ ಸಾಲ. ಊರಿಗೆ ಬಂದು ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದಾಗ ಎದೆ ಧಸಕ್ಕೆಂದಿತು. ದಿನಗೂಲಿ ಒಂದು ಶಿಲಿಂಗ್ ಆಸುಪಾಸು, ವರ್ಷಗಟ್ಟಲೆ ಅದೇ ಅಂಕಿ. ಗುಮಾಸ್ತರು ಹಿಂದಿನ ವರ್ಷದ್ದನ್ನೇ ನಕಲು ಮಾಡಿದ್ದಾರೆ ಅನ್ನೋದು ಎದ್ದು ಕಾಣುತ್ತಿತ್ತು. ಬೆಲೆ ಪಟ್ಟಿಯಲ್ಲಿ ಗೋಧಿ ಹಿಟ್ಟು, ಬೆಣ್ಣೆ, ಟೀ. ಕೂಲಿಯವರು ತಿನ್ನುತ್ತಿದ್ದದ್ದು ಯಾಮ್ ಗೆಡ್ಡೆ, ಬಾಳೆಕಾಯಿ, ಕೆಂಕಿ ಅನ್ನೋ ಮೆಕ್ಕೆಜೋಳದ ಹುಳಿ ಕಡುಬು.

1891ರಲ್ಲಿ ಗೋಲ್ಡ್ ಕೋಸ್ಟ್‌ನಿಂದ ಹೊರಗೆ ಹೋದ ಕೋಕೋ ಬರೀ 80 ಪೌಂಡ್ ತೂಕ. 1911ಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ರಫ್ತು ಮಾಡುವ ನಾಡು ಅದು. ಕಾಡು ಕಡಿದು ಗಿಡ ನೆಟ್ಟು, ಕಾಯಿ ಒಡೆದು, ತಲೆಹೊರೆಯಲ್ಲಿ ಕರಾವಳಿಗೆ ಸಾಗಿಸಿದ ಆ ಇಪ್ಪತ್ತು ವರ್ಷದಲ್ಲಿ ಕೂಲಿ ಒಂದಿಷ್ಟೂ ಕದಲಲಿಲ್ಲ ಅಂದ್ರೆ ನಾನು ಹೇಗೆ ನಂಬಲಿ?

ನನ್ನೂರು ಮಂಗಳೂರು. ನಮ್ಮ ಹಳೇ ಮನೆಯ ಹಂಚಿನ ಮೇಲೆ ಬಾಸೆಲ್ ಮಿಷನ್ ಅಂತ ಅಚ್ಚಿದೆ. ಅದೇ ಮಿಷನ್ 1828ರಲ್ಲೇ ಗೋಲ್ಡ್ ಕೋಸ್ಟ್‌ಗೆ ಹೋಗಿತ್ತು, ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿ ಕಿಟೆಲ್ ಕನ್ನಡ ನಿಘಂಟು ಮಾಡಿದ ಹಾಗೆ ಅಲ್ಲಿ ಕ್ರಿಸ್ಟಾಲರ್ ಟ್ವಿ ಭಾಷೆಗೆ ನಿಘಂಟು ಮಾಡಿದರು. ನನ್ನ ಯೋಚನೆ ಸರಳವಾಗಿತ್ತು. ಮನೆ ಕಟ್ಟಿಸಿದರೆ ಗಾರೆಯವರಿಗೆ ಕೊಡಬೇಕು, ಹೊರೆ ಹೊರಿಸಿದರೆ ಹೊತ್ತವರಿಗೆ ಕೊಡಬೇಕು. ಕೊಟ್ಟದ್ದನ್ನು ಎಲ್ಲೋ ಬರೆದಿರಲೇಬೇಕು. ಗೈಡ್ ಹತ್ತಿರ ಹೇಳಿದೆ. "ಅದನ್ನೆಲ್ಲ ಧರ್ಮದ ಚರಿತ್ರೆಯವರಿಗೆ ಬಿಡಮ್ಮ. ಘಾನಾ ಕಟ್ಟಿಕೊಂಡು ಎಲ್ಲಿ ಕೆಲಸ ಹುಡುಕ್ತೀಯಾ?" ಅಂದರು.

ಆದರೂ ಹೊರಟೆ. ಮಿಷನ್ನಿನ ಕಾಗದಗಳು ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಆ ಊರಲ್ಲಿ ಒಂದು ಸಾಧಾರಣ ಊಟಕ್ಕೆ 20 ಫ್ರಾಂಕ್ ಮೇಲೆ. ನಾನು ಗಡಿಯಾಚೆ ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ರೂಮು ಹಿಡಿದೆ. ಎಂಟನೇ ನಂಬರಿನ ಟ್ರಾಮ್ ನೇರ ಬಾಸೆಲ್‌ಗೆ ಬರುತ್ತೆ. ಅಲ್ಲೇ ಅಕ್ಕಿ ಕೊಂಡು, ಅಲ್ಲೇ ಗಂಜಿ ಬೇಯಿಸಿ, ಐದು ವಾರ ಕಳೆದೆ. ಸುಮಾರು ಅರ್ಧ ಖರ್ಚು ಉಳಿಯಿತು.

ದೊಡ್ಡ ಹೊಡೆತ ಕೊಟ್ಟದ್ದು ಕೈಬರಹ. ಹಳೇ ಜರ್ಮನ್ ಕುರೆಂಟ್ ಲಿಪಿ. ಮೊದಲ ವಾರ ದಿನಕ್ಕೆ ಆರು ಸಾಲು ಓದಿದ್ದರೆ ಜಾಸ್ತಿ. ಅದಕ್ಕೂ ಮುಂಚೆ ಮೂವತ್ತು ಸಾವಿರ ಕೊಟ್ಟು ಆನ್‌ಲೈನ್ ಕ್ಲಾಸ್ ಮಾಡಿದ್ದೆ, ಅದು ನೀರಲ್ಲಿ ಹೋಮ. ಕೈಹಿಡಿದದ್ದು ಒಂದೇ: ಒಬ್ಬನೇ ಪಾದ್ರಿಯ ಕಾಗದಗಳನ್ನು ಮೊದಲಿನಿಂದ ಕೊನೆವರೆಗೆ ಓದುವುದು. ಒಬ್ಬನ ಕೈ ಪಳಗಿದರೆ ಉಳಿದವರದ್ದು ತಾನಾಗಿ ಬರುತ್ತೆ. ಯಾವ ಪಾದ್ರಿ, ಯಾಕೆ ಅವನನ್ನೇ ಆರಿಸಿದೆ ಅನ್ನೋದನ್ನು ಈಗ ಹೇಳಲ್ಲ. ಎರಡನೇ ಲೇಖನ ಅದರ ಮೇಲೇ ನಿಂತಿದೆ.

ನಾಲ್ಕನೇ ವಾರ ಒಂದು ಹಾಳೆ ಸಿಕ್ಕಿತು. ಅಂಚು ಗೆದ್ದಲು ತಿಂದಿತ್ತು. ಎಡಗಡೆ ಹೊರೆಯಾಳುಗಳ ಹೆಸರು, ನಡುವೆ ಕೂಲಿ, ಬಲಗಡೆ ಇನ್ನೊಂದು ಸಣ್ಣ ಮೊತ್ತ. ದಿನಕ್ಕೆ ಮೂರು ಪೆನ್ಸ್ ಅಂತ ನೆನಪು. ಎರಡು ದಿನ ಅದೇನು ಅಂತ ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು: ಊಟದ ದುಡ್ಡು! ದಾರಿಯಲ್ಲಿ ಹೊಟ್ಟೆಗೆ ಎಷ್ಟು ಬೇಕು ಅಂತ ಕೊಡುವವರೂ ತೆಗೆದುಕೊಳ್ಳುವವರೂ ಒಪ್ಪಿದ ಮೊತ್ತ. ನಾನು ಹುಡುಕುತ್ತಿದ್ದ 'ಬುಟ್ಟಿ'ಯ ಬೆಲೆ, ಅಂದ್ರೆ ಬದುಕಲು ಬೇಕಾದ ಸಾಮಾನಿನ ಖರ್ಚು, ಕಣ್ಣ ಮುಂದೆಯೇ ಇತ್ತು. ಒಂದು ದಿನದ ಕೂಲಿಗೆ ಎಷ್ಟು ದಿನದ ಊಟ ಸಿಗುತ್ತೆ ಅಂತ ನೋಡಲು ಕೂಲಿಯನ್ನು ಅದರಿಂದ ಭಾಗಿಸಿದೆ. ಆಮೇಲೆ ಜೈಲಿನ ಊಟದ ಪಟ್ಟಿ ತಂದು ತಾಳೆ ನೋಡಿದೆ, ಹತ್ತಿರ ಹತ್ತಿರ ಕೂತಿತು. ಬ್ಲೂ ಬುಕ್‌ನಲ್ಲಿ ಗೆರೆ ಎಳೆದಂತಿದ್ದ ಕೂಲಿ ಏರತೊಡಗಿತು, ಇಳಿಯತೊಡಗಿತು. ಈ ದಾರಿ ಹಿಡಿದವರು ಜಾಸ್ತಿ ಇಲ್ಲ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ತಪ್ಪುಗಳೂ ಆದವು. ಕೋಕೋ ಬೆಲೆ ಒಂದು 'ಲೋಡ್'ಗೆ ಇಷ್ಟು ಅಂತ ಇರುತ್ತೆ. ಲೋಡ್ ಅಂದ್ರೆ 60 ಪೌಂಡಿನ ತಲೆಹೊರೆ, ಟನ್ನಿಗೆ 37 ಚಿಲ್ಲರೆ. ನಾನು ಅದನ್ನು 112 ಪೌಂಡಿನ ಹಂಡ್ರೆಡ್‌ವೇಟ್ ಅಂದುಕೊಂಡು ಎರಡು ತಿಂಗಳು ಲೆಕ್ಕ ಹಾಕಿದೆ. ಬೆಲೆ ಅರ್ಧಕ್ಕೆ ಹತ್ತಿರ ಇಳಿದು ಕೂತಿತ್ತು. ಇಡೀ ಪಟ್ಟಿ ಮತ್ತೆ ಮಾಡಿದೆ.

ಯಾಮ್ ಲೆಕ್ಕವೂ ಹಾಗೇ. ಕಾಗದದಲ್ಲಿ ಇರುವುದು ಗೆಡ್ಡೆಗಳ ಎಣಿಕೆ, ತೂಕವಲ್ಲ. ಅಕ್ರಾದ ಮಕೋಲಾ ಮಾರ್ಕೆಟ್ಟಿಗೆ ಹೋದೆ. ಅಲ್ಲೂ ಹಿರಿಯ ಹೆಂಗಸರನ್ನು ಆಂಟಿ ಅಂತಲೇ ಕರೀತಾರೆ. ಒಬ್ಬ ಆಂಟಿ ಅಂಗಡಿ ಮುಂದೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಹಿಡಿದು ಎರಡು ದಿನ ನೂರಕ್ಕೂ ಹೆಚ್ಚು ಗೆಡ್ಡೆ ತೂಗಿದೆ. ದೊಡ್ಡದು, ನಡುವಿನದು, ಸಣ್ಣದು ಅಂತ ಅವರೇ ವಿಂಗಡಿಸಿ ಕೊಟ್ಟರು. ಇಂದಿನ ಗೆಡ್ಡೆಯಿಂದ ಅಂದಿನ ತೂಕ ಹೇಳೋದು ಪೂರ್ತಿ ಸರಿಯಲ್ಲ, ಗೊತ್ತು. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ನಡುವೆ ಕವಡೆ ಹಿಂದೆಯೂ ಬಿದ್ದಿದ್ದೆ. ಅಲ್ಲಿ ಕವಡೆಯೇ ದುಡ್ಡಾಗಿತ್ತಲ್ಲ. 40 ಕವಡೆಗೆ ಒಂದು ಸರ, 50 ಸರಕ್ಕೆ ಒಂದು 'ತಲೆ', ಅಂದ್ರೆ 2,000. ಮಾಲ್ಡೀವ್ಸ್‌ನಿಂದ ಹೊರಟು ಆಫ್ರಿಕಾ ಮುಟ್ಟಿದ ಕವಡೆಗಳೂ ಅದರಲ್ಲಿ ಇದ್ದವು. ಕವಡೆಯ ಬೆಲೆ ಬೀಳುತ್ತಾ ಹೋದದ್ದರಿಂದ ಶಿಲಿಂಗಿಗೆ ತಿರುಗಿಸುವ ನನ್ನ ಲೆಕ್ಕ ನಿಲ್ಲಲಿಲ್ಲ, ಬಿಟ್ಟೆ. ಮಂಗಳೂರು ಹಂಚಿನ ಕಾರ್ಖಾನೆಯ ಕೂಲಿಯನ್ನು ಪಕ್ಕದಲ್ಲಿಟ್ಟು ನೋಡುವ ಆಸೆ ಮಾತ್ರ ಬಿಟ್ಟಿಲ್ಲ. ಘಾನಾದ ಕೋಕೋ ರೈತರನ್ನು ಅಧ್ಯಯನ ಮಾಡಿದ ಪಾಲಿ ಹಿಲ್ ಆಮೇಲೆ ಆನೇಕಲ್ ಕಡೆಯ ಹಳ್ಳಿಗಳಲ್ಲಿ ಓಡಾಡಿ, ಅವನ್ನು ನೈಜೀರಿಯಾದ ಹೌಸಾ ನಾಡಿನ ಜೊತೆ ಹೋಲಿಸಿದ್ದರು. ಆ ದಾರಿ ಇದೆ.

ಕೆಲಸವೂ ಸಿಕ್ಕಿತು. ಅಭಿವೃದ್ಧಿ ನೀತಿಯ ಒಂದು ಸಂಸ್ಥೆಯ ಸಂದರ್ಶನದಲ್ಲಿ ನನಗೆ ಬಂದದ್ದು ಒಂದೇ ಮುಖ್ಯ ಪ್ರಶ್ನೆ: 2010ರಲ್ಲಿ ಘಾನಾದ ಜಿಡಿಪಿ ಒಂದೇ ಏಟಿಗೆ ಶೇ. 60ರಷ್ಟು ಏರಿತಲ್ಲ, ಯಾಕೆ? ಲೆಕ್ಕದ ಮೂಲ ವರ್ಷ 1993ರಿಂದ 2006ಕ್ಕೆ ಬಂತು, ಹಳೇ ಲೆಕ್ಕಕ್ಕೆ ಕಾಣದಿದ್ದ ವ್ಯವಹಾರಗಳು ಒಳಗೆ ಬಂದವು ಅಂದೆ. ಆಮೇಲೆ ಚೀಲದಿಂದ ಹೊರೆಯಾಳುಗಳ ಹಾಳೆಯ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಮುಕ್ಕಾಲು ಗಂಟೆ ಮಾತು ಅದರ ಬಲಗಡೆ ಸಾಲಿನ ಮೇಲೆಯೇ ನಡೆಯಿತು.